ಭೂಖಂಡಗಳ ನಡಿಗೆ ಮತ್ತು ನಮ್ಮ ಹೊಲದ ಮಣ್ಣು



ಗಂಭೀರನಾದ ಮನುಷ್ಯನನ್ನು ಭೂಮಿತೂಕದವನೆಂದು ಹೊಗಳುತ್ತೇವೆ. ಭೂಮಿ ಅಲುಗದು ಎಂಬುದು ನಮ್ಮ ನಂಬಿಕೆ. ಆದರೆ ನೀವು ನಿಂತಿರುವ ನೆಲ ಈ ಗಳಿಗೆಯಲ್ಲಿಯೂ ಸರಿಯುತ್ತಲಿದೆ. ವರ್ಷಕ್ಕೆ ನಾಲ್ಕೈದು ಸೆಂಟಿಮೀಟರು, ಹೆಚ್ಚುಕಡಿಮೆ ಕೈಬೆರಳಿನ ಉಗುರು ಬೆಳೆಯುವಷ್ಟು, ಭಾರತವು ಉತ್ತರದ ಕಡೆಗೆ ಸಾಗುತ್ತಿದೆ.

ಇದು ಹೇಗೆ? ಕಾದ ಹಾಲಿನ ಮೇಲೆ ಕೆನೆ ಕಟ್ಟುವುದನ್ನು ಕಂಡಿದ್ದೀರಿ. ಭೂಮಿಯ ಮೇಲ್ಪದರವೂ ಕೆನೆಯಂತೆಯೇ. ಅದು ಒಡೆದು ಹಲವು ಫಲಕಗಳಾಗಿದೆ. ಅದರ ಕೆಳಗಿರುವುದು ಹಾಲಿನಂತೆ ತೆಳುವಲ್ಲ, ಬಂಡೆಯೇ ಸರಿ. ಆದರೆ ಒಳಗಿನ ಕಾವಿಗೆ ಮೆದುವಾಗಿ ಬಹು ನಿಧಾನವಾಗಿ ಹರಿಯುತ್ತದೆ. ಆದ್ದರಿಂದ ಮೇಲಿನ ಫಲಕಗಳು ಸರಿದಾಡುತ್ತವೆ.

ಭೂಖಂಡಗಳು ಚಲಿಸುತ್ತವೆಂದು 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಹೇಳಿದಾಗ ಹೆಚ್ಚಿನ ಪಂಡಿತರು ಒಪ್ಪಲಿಲ್ಲ. 1960ರ ದಶಕದಲ್ಲಿ ಸಮುದ್ರತಳದ ಶೋಧನೆಯಿಂದ ಮಾತು ನಿಜವೆಂದು ಸ್ಥಿರಪಟ್ಟಿತು.

ಬಹು ಹಿಂದೆ ಭಾರತ, ಆಫ್ರಿಕ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯ, ಅಂಟಾರ್ಕ್ಟಿಕ ಎಲ್ಲವೂ ಒಂದೇ ಭೂಭಾಗವಾಗಿದ್ದವು. ಮಧ್ಯ ಭಾರತದ ಗೊಂಡರ ನಾಡಿನಿಂದಾಗಿ ಅದಕ್ಕೆ ಗೊಂಡವಾನ ಎಂಬ ಹೆಸರು ಬಂದಿದೆ. ಸಾಕ್ಷಿ ಬೇಕೇ? ನಾಲಿಗೆಯಾಕಾರದ ಎಲೆಯ ಗ್ಲಾಸಾಪ್ಟೆರಿಸ್ ಎಂಬ ಗಿಡದ ಪಳೆಯುಳಿಕೆ ಈ ಐದು ಕಡೆಯೂ ದೊರೆತಿದೆ. ಅದರ ಬೀಜಗಳು ಮಹಾಸಾಗರಗಳನ್ನು ದಾಟಿ ಹೋಗಿರಲಾರವು, ನೆಲವೇ ಒಂದಾಗಿತ್ತು.

ಸುಮಾರು 18 ಕೋಟಿ ವರ್ಷಗಳ ಹಿಂದೆ ಈ ಒಟ್ಟು ಕುಟುಂಬ ಪಾಲಾಗತೊಡಗಿತು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾಯಿತು. ಆಗ ಉಕ್ಕಿದ ಲಾವಾರಸದ ಕಂಬಗಳನ್ನು ಮಲ್ಪೆಯ ಎದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿ ಇಂದಿಗೂ ನೋಡಬಹುದು. ನೆಲ ಬೇರೆಯಾದರೆ ಜೀವಿಗಳ ದಾರಿಯೂ ಬೇರೆ. ಕೇರಳದ ಸಹ್ಯಾದ್ರಿಯಲ್ಲಿ ಮಣ್ಣಿನೊಳಗೆ ಬಾಳುವ ನೇರಳೆ ಕಪ್ಪೆಯನ್ನು 2003ರಲ್ಲಿ ವಿಜ್ಞಾನಿಗಳು ವರ್ಣಿಸಿದರು. ಅದರ ಹತ್ತಿರದ ಬಂಧುಗಳಿರುವುದು ಸಾಗರದಾಚೆ, ಸೆಶೆಲ್ಸ್ ದ್ವೀಪಗಳಲ್ಲಿ!

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನ ನೆಲ ಬಿರಿದು ಲಾವಾರಸ ಪದರಪದರವಾಗಿ ಹರಿಯಿತು. ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಹಾಸಿರುವ ಕರಿಕಲ್ಲು ಅದೇ. ಅದು ಕರಗಿ ಎರೆಮಣ್ಣಾಯಿತು. ಜೋಳ, ಹತ್ತಿ, ಕಡಲೆಗೆ ಆಧಾರವಾಯಿತು. ಕೋಲಾರ, ತುಮಕೂರಿನ ಕೆಂಪು ಮಣ್ಣು ಇನ್ನೂ ಹಳೆಯ ಬಂಡೆಗಳ ಮಗು. ಆ ಬಂಡೆಗಳಲ್ಲಿ ಕೆಲವಕ್ಕೆ 300 ಕೋಟಿ ವರ್ಷ ವಯಸ್ಸು.

ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತ ಏಷ್ಯಕ್ಕೆ ಒತ್ತಿಕೊಂಡಿತು. ನಡುವಣ ಸಮುದ್ರದ ತಳ ಮಡಿಚಿಕೊಂಡು ಮೇಲೆದ್ದು ಹಿಮಾಲಯವಾಯಿತು. ಗಂಡಕಿ ನದಿಯ ಸಾಲಿಗ್ರಾಮದೊಳಗಿನ ಸುರುಳಿ ಆ ಸಮುದ್ರದ ಜೀವಿಯೊಂದರ ಚಿಪ್ಪಿನ ಗುರುತು. ಎತ್ತರದ ಆ ಗೋಡೆ ಉತ್ತರದ ಚಳಿಗಾಳಿಯನ್ನು ತಡೆಯಿತು. ನಮ್ಮ ಮುಂಗಾರು ಬಲಗೊಳ್ಳಲು ನೆರವಾಯಿತು.

ಇದನ್ನೆಲ್ಲ ತಿಳಿದು ರೈತನಿಗೇನು ಲಾಭ ಎಂದು ನೀವು ಕೇಳಬಹುದು. ಲಾಭವುಂಟು. ಬೀಜ ಹೋದರೆ ತರಬಹುದು, ಎತ್ತು ಹೋದರೆ ಕೊಳ್ಳಬಹುದು. ಮಣ್ಣು ಹೋದರೆ? ಬಂಡೆ ಕರಗಿ ಒಂದು ಅಂಗುಲ ಮಣ್ಣಾಗಲು ನೂರಾರು ವರ್ಷಗಳು ಬೇಕು. ಬದುವಿಲ್ಲದ ಇಳಿಜಾರು ಹೊಲದಲ್ಲಿ ಕೆಲವೇ ಬಿರುಮಳೆಗಳು ಅದನ್ನು ಹಳ್ಳಕ್ಕೆ ಕೊಚ್ಚಿಬಿಡಬಲ್ಲವು.

ಆದುದರಿಂದ ಮುಂಗಾರಿಗೆ ಮೊದಲೇ ಒಡೆದ ಬದುಗಳನ್ನು ಸರಿಪಡಿಸಿರಿ. ಇಳಿಜಾರಿಗೆ ಅಡ್ಡಲಾಗಿ ಉಳಿರಿ. ಬದುವಿನ ಮೇಲೆ ಹುಲ್ಲು ಬೆಳೆಸಿರಿ. ಭೂಖಂಡಗಳ ನಡಿಗೆಯನ್ನು ತಡೆಯುವುದು ಯಾರಿಂದಲೂ ಆಗದು. ಹೊಲದ ಮಣ್ಣಿನ ನಡಿಗೆಯನ್ನು ತಡೆಯುವುದು ನಿಮ್ಮ ಕೈಯಲ್ಲಿದೆ.