ಡಕ್ಟ್‌ನಲ್ಲಿ ಹೊಗೆ ಬಂದರೆ ಫ್ಯಾನ್ ನಿಲ್ಲಬೇಕು

ಕಡೂರು, ತರೀಕೆರೆ, ಅಜ್ಜಂಪುರದಲ್ಲಿ ವಾಸಕ್ಕೆಂದು ಮನೆ ಕಟ್ಟಿಸುತ್ತಿರುವವರು ಈ ಪುಟ ಮಗುಚಿಬಿಡಬಹುದು. ಗೋಡೆಗೆ ನೇತುಹಾಕುವ ಸ್ಪ್ಲಿಟ್ ಎಸಿಗೆ ಡಕ್ಟ್ ಇರುವುದಿಲ್ಲ. ಡಕ್ಟೇ ಇಲ್ಲದ ಮೇಲೆ ಅದರಲ್ಲಿ ಸ್ಮೋಕ್ ಡಿಟೆಕ್ಟರ್ ಕೂರಿಸುವ ಮಾತೂ ಇಲ್ಲ. ಇದನ್ನು ಓದಬೇಕಾದವರು ಎಸಿ ಕಲ್ಯಾಣ ಮಂಟಪ ಕಟ್ಟಿಸುವವರು, ಆಪರೇಷನ್ ಥಿಯೇಟರ್ ಇರುವ ನರ್ಸಿಂಗ್ ಹೋಂ ನಡೆಸುವವರು, ಚಿತ್ರಮಂದಿರ, ಶೋರೂಂ, ಲಾಡ್ಜ್‌ಗಳ ಮಾಲೀಕರು ಮತ್ತು ಅವರ ಕೆಲಸ ಹಿಡಿಯುವ ಎಲೆಕ್ಟ್ರಿಷಿಯನ್ನರು. ನಿಮ್ಮ ಫಾಲ್ಸ್ ಸೀಲಿಂಗ್ ಮೇಲೆ ತಗಡಿನ ಡಕ್ಟ್ ಹಾದುಹೋಗಿದೆಯೇ? ಹಾಗಾದರೆ ಮುಂದೆ ಓದಿ.

ತಂಪು ಗಾಳಿಯನ್ನು ಹಾಲ್‌ನ ಮೂಲೆಮೂಲೆಗೆ ಹಂಚುವ ಅದೇ ಡಕ್ಟ್, ಬೆಂಕಿ ಬಿದ್ದ ದಿನ ಹೊಗೆಯನ್ನೂ ಅಷ್ಟೇ ಚೆನ್ನಾಗಿ ಹಂಚುತ್ತದೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಬೆಂಕಿ ಹತ್ತಿದ್ದು ಕೆಳಗಿದ್ದ ಟ್ರಾನ್ಸ್‌ಫಾರ್ಮರ್‌ನಿಂದ. ಉಸಿರುಗಟ್ಟಿ ಸತ್ತವರು ಮೇಲೆ ಬಾಲ್ಕನಿಯಲ್ಲಿ ಸಿನಿಮಾ ನೋಡುತ್ತಿದ್ದವರು. ಒಟ್ಟು 59 ಜನ ಹೋದರು. 2011ರ ಡಿಸೆಂಬರ್ 9ರಂದು ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯಲ್ಲಿ ಬೆಂಕಿ ಇದ್ದದ್ದು ನೆಲಮಾಳಿಗೆಯಲ್ಲಿ, ಹೊಗೆ ತುಂಬಿದ್ದು ಮೇಲಿನ ವಾರ್ಡುಗಳಲ್ಲಿ. ಸುಮಾರು 90 ಜನ ಸತ್ತರು, ಹೆಚ್ಚಿನವರು ಹಾಸಿಗೆ ಬಿಟ್ಟು ಏಳಲಾಗದ ರೋಗಿಗಳು. ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರುವರಿ 23ರಂದು 9 ಜನರ ಜೀವ ಹೋಯಿತು. ಅಲ್ಲಿಯೂ ಜನರನ್ನು ಕಿಟಕಿಗೆ ಅಟ್ಟಿದ್ದು ಹೊಗೆ.

ಡಕ್ಟ್ ಡಿಟೆಕ್ಟರ್‌ನ ಮುಖ್ಯ ಕೆಲಸ ಫ್ಯಾನ್ ನಿಲ್ಲಿಸುವುದು. ಬೆಂಕಿಯನ್ನು ಮೊದಲು ಕಂಡುಹಿಡಿಯುವ ಕೆಲಸ ಅದರದ್ದಲ್ಲ, ಅದಕ್ಕೆ ಕೋಣೆಯ ಚಾವಣಿಯ ಡಿಟೆಕ್ಟರ್‌ಗಳೇ ಆಗಬೇಕು. ಎಸಿ ಬಂದ್ ಆಗಿ ಗಾಳಿ ಓಡದಿದ್ದರೆ ಡಕ್ಟ್‌ನಲ್ಲಿರುವ ಡಿಟೆಕ್ಟರ್ ಕುರುಡು. ‘ಡಕ್ಟ್‌ನಲ್ಲಿ ಹಾಕಿದ್ದೇವಲ್ಲ, ಹಾಲ್‌ಗೆ ಯಾಕೆ ಬೇಕು’ ಎಂದು ಯಾರಾದರೂ ಖರ್ಚು ಉಳಿಸುವ ಸಲಹೆ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ.

ಎಲ್ಲಿ ಕೂರಿಸಬೇಕು?

ಗಾಳಿ ಕಳಿಸುವ ಸಪ್ಲೈ ಡಕ್ಟ್‌ನಲ್ಲಾದರೆ ಫಿಲ್ಟರ್ ಮತ್ತು ಫ್ಯಾನ್ ದಾಟಿದ ಮೇಲೆ, ಮೊದಲ ಕವಲು ಒಡೆಯುವ ಮುಂಚೆ. ಗಾಳಿ ವಾಪಸು ಎಳೆಯುವ ರಿಟರ್ನ್ ಡಕ್ಟ್‌ನಲ್ಲಾದರೆ ಹೊರಗಿನ ತಾಜಾ ಗಾಳಿ ಬಂದು ಬೆರೆಯುವ ಮುಂಚೆ. ಬೆರೆತರೆ ಹೊಗೆ ತೆಳುವಾಗುತ್ತದೆ. ಅಮೆರಿಕದ ಎನ್‌ಎಫ್‌ಪಿಎ 90ಎ ಮಾನದಂಡದಲ್ಲಿ ನಿಮಿಷಕ್ಕೆ 2,000 ಘನ ಅಡಿಗಿಂತ ಹೆಚ್ಚು ಗಾಳಿ ತಳ್ಳುವ ಯಂತ್ರಕ್ಕೆ ಸಪ್ಲೈ ಕಡೆ ಡಿಟೆಕ್ಟರ್ ಬೇಕು. 15,000 ದಾಟಿದರೆ ಪ್ರತಿ ಮಹಡಿಯ ರಿಟರ್ನ್‌ಗೂ ಬೇಕು. ನಮ್ಮಲ್ಲಿ ನೋಡಬೇಕಾದ್ದು 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 4ನೇ ಭಾಗ ಮತ್ತು ಐಎಸ್ 2189. ಕೊಟೇಶನ್ ಕೊಡಲು ಬಂದವರನ್ನು ಈ ಎರಡು ಹೆಸರು ಹೇಳಿ ಪ್ರಶ್ನಿಸಿ. ಉತ್ತರದಲ್ಲೇ ಅವರ ಅನುಭವ ಗೊತ್ತಾಗುತ್ತದೆ.

ಜಾಗ ಗುರುತಿಸುವಾಗ ತಿರುವುಗಳಿಂದ ದೂರ ಇರಬೇಕು. ತಿರುವಿನ ಬಳಿ ಗಾಳಿ ಸುಳಿಸುಳಿಯಾಗಿ ಓಡುವುದರಿಂದ ಹೊಗೆ ಒಂದೇ ಬದಿಗೆ ಒತ್ತಿಕೊಳ್ಳುತ್ತದೆ. ತಿರುವು ಕಳೆದ ಮೇಲೆ ಡಕ್ಟ್‌ನ ಅಗಲದ ಆರು ಪಟ್ಟಾದರೂ ನೇರ ದೂರ ಬಿಡಬೇಕೆನ್ನುವುದು ರೂಢಿ. ಎಂದರೆ 2 ಅಡಿ ಅಗಲದ ಡಕ್ಟ್‌ಗೆ 12 ಅಡಿ. ನಮ್ಮ ಕಟ್ಟಡಗಳಲ್ಲಿ ಡಕ್ಟ್‌ಗೆ ಗಾಳಿ ತಳ್ಳುವ ಎಎಚ್‌ಯು ಯಂತ್ರವನ್ನು ಮೆಟ್ಟಿಲ ಕೆಳಗೋ ಅಡುಗೆಮನೆ ಹಿಂದೋ ತುರುಕಿರುತ್ತಾರೆ, 12 ಅಡಿ ನೇರ ಎಲ್ಲಿಂದ ಬರಬೇಕು? ಇದ್ದುದರಲ್ಲೇ ಉದ್ದವಾದ ನೇರ ಭಾಗ ಆರಿಸಿ, ಕೂರಿಸಿದ ಮೇಲೆ ಗಾಳಿಯೊತ್ತಡ ಅಳೆದು ಖಾತ್ರಿ ಮಾಡಿಕೊಳ್ಳಬೇಕು. ಅಡುಗೆಮನೆಯ ಹೊಗೆ ಹೊರಹಾಕುವ ಡಕ್ಟ್‌ಗೆ ಮಾತ್ರ ಇದನ್ನು ಹಾಕಲೇಬಾರದು. ಜಿಡ್ಡು ಹಿಡಿದು ಕೆಡುತ್ತದೆ, ಕೆಡುವ ಮುಂಚೆ ದಿನಾ ಅರಚುತ್ತದೆ.

ಕೂರಿಸುವ ಕ್ರಮ

ಪೆಟ್ಟಿಗೆ ಡಕ್ಟ್‌ನ ಹೊರಮೈಗೆ ಕೂರುತ್ತದೆ. ಒಳಗೆ ಹೋಗುವುದು ಎರಡು ಕೊಳವೆ: ಸಾಲಾಗಿ ತೂತುಗಳಿರುವ ಉದ್ದನೆಯದು ಗಾಳಿ ಒಳಗೆಳೆಯಲು, ಗಿಡ್ಡನೆಯದು ಗಾಳಿ ವಾಪಸು ಬಿಡಲು. ಕಂಪನಿ ಕೊಡುವ ಕಾಗದದ ಟೆಂಪ್ಲೇಟನ್ನು ತಗಡಿಗೆ ಅಂಟಿಸಿ, ಗುರುತು ಹಾಕಿ, ಹೋಲ್ ಸಾ ಬಳಸಿ ತೂತು ಕೊರೆಯಿರಿ. ಕೊರೆದ ತಗಡಿನ ಚೂರು ಡಕ್ಟ್‌ನೊಳಗೆ ಬೀಳಲು ಬಿಡಬೇಡಿ. ಉದ್ದ ಕೊಳವೆ ಡಕ್ಟ್‌ನ ಅಗಲವನ್ನು ಪೂರ್ತಿ ಆವರಿಸಬೇಕು. ಗಿಡ್ಡದಾದರೆ ಒಂದು ಬದಿಯ ಗಾಳಿಯಷ್ಟೇ ಸಿಗುತ್ತದೆ. 3 ಅಡಿಗಿಂತ ಅಗಲದ ಡಕ್ಟ್ ಆದರೆ ಕೊಳವೆಯ ತುದಿಯನ್ನು ಎದುರು ಬದಿಯ ತಗಡಿನಿಂದ ಹೊರತಂದು ಆಸರೆ ಕೊಡಿ, ಇಲ್ಲದಿದ್ದರೆ ಅದು ಅದುರುತ್ತದೆ.

ಹೆಚ್ಚು ತಪ್ಪಾಗುವುದು ಇಲ್ಲಿ. ಕೊಳವೆಯ ತೂತುಗಳು ಗಾಳಿ ಬರುವ ದಿಕ್ಕಿಗೇ ಮುಖ ಮಾಡಿರಬೇಕು. ತಿರುಗುಮುರುಗಾದರೆ ದೀಪವೇನೋ ಹಸಿರಾಗಿ ಮಿನುಗುತ್ತಲೇ ಇರುತ್ತದೆ, ಆದರೆ ಒಳಗೆ ಗಾಳಿಯೇ ಹೋಗಿರುವುದಿಲ್ಲ. ತುದಿಯ ರಬ್ಬರ್ ಬಿರಡೆ ಕಳೆದುಹೋಗಿದ್ದರೂ ಇದೇ ಗತಿ. ಹಾಗಾಗಿ ಫ್ಯಾನ್ ಓಡಿಸಿ, ಎರಡೂ ಕೊಳವೆಗಳ ನಡುವಿನ ಒತ್ತಡದ ವ್ಯತ್ಯಾಸವನ್ನು ಮ್ಯಾನೋಮೀಟರ್‌ನಲ್ಲಿ ಅಳೆದು, ಕೈಪಿಡಿಯಲ್ಲಿರುವ ಮಿತಿಗೆ ತಾಳೆ ನೋಡಿ. ಕೂರಿಸುವವರ ಚೀಲದಲ್ಲಿ ಮ್ಯಾನೋಮೀಟರ್ ಇಲ್ಲದಿದ್ದರೆ ಬಿಲ್ ಪಾವತಿಸಬೇಡಿ. ಪಿಒಪಿ ಉಜ್ಜುವ, ಪೇಂಟ್ ಮಾಡುವ ಕೆಲಸ ಮುಗಿಯುವ ತನಕ ಡಿಟೆಕ್ಟರ್‌ನ ತಲೆಭಾಗ ಡಬ್ಬಿಯಲ್ಲೇ ಇರಲಿ.

ಇನ್ನು ವೈರಿಂಗ್. ಡಿಟೆಕ್ಟರ್‌ನ ರಿಲೇ ಸಂಪರ್ಕವನ್ನು ಎಎಚ್‌ಯು ಸ್ಟಾರ್ಟರ್‌ನ ಕಂಟ್ರೋಲ್ ವೈರಿಗೆ ಸೀರೀಸ್‌ನಲ್ಲಿ ಕೊಡಬೇಕು. ಮೋಟಾರ್‌ನ ಪೂರ್ತಿ ಕರೆಂಟನ್ನು ಆ ಪುಟ್ಟ ರಿಲೇ ಮೂಲಕ ಹಾಯಿಸಬಾರದು. ಇನ್ನೊಂದು ಜೋಡಿ ವೈರ್ ಫೈರ್ ಅಲಾರ್ಮ್ ಪ್ಯಾನೆಲ್‌ಗೆ ಹೋಗಲಿ. ಬೆಂಕಿ ಹರಡದಂತೆ ಡಕ್ಟ್ ಮುಚ್ಚುವ ಫೈರ್ ಡ್ಯಾಂಪರ್ ಮೋಟಾರಿನದ್ದಾದರೆ ಅದೂ ಇದೇ ಸೂಚನೆಗೆ ಮುಚ್ಚಲಿ. ಹೊಗೆ ಹೊರಗೆ ತಳ್ಳಲೆಂದೇ ಇಟ್ಟ ಫ್ಯಾನ್ ಇದ್ದರೆ ಅದನ್ನು ಈ ಸಾಲಿಗೆ ಸೇರಿಸಬೇಡಿ, ಅದು ಓಡುತ್ತಲೇ ಇರಬೇಕು. ಕರೆಂಟ್ ಹೋಗಿ ಜನರೇಟರ್ ಶುರುವಾದಾಗ ನಿಂತಿದ್ದ ಫ್ಯಾನ್ ತಾನಾಗಿ ತಿರುಗಬಾರದು, ಯಾರಾದರೂ ಬಂದು ನೋಡಿ ರೀಸೆಟ್ ಒತ್ತಿದ ಮೇಲೆಯೇ ತಿರುಗಬೇಕು. ನಮ್ಮ ಊರುಗಳ ಕರೆಂಟಿನ ಹಣೆಬರಹ ಗೊತ್ತಿರುವುದರಿಂದ ಈ ಮಾತನ್ನು ಗುತ್ತಿಗೆ ಪತ್ರದಲ್ಲೇ ಬರೆಸಿಕೊಳ್ಳಿ. ಪೆಟ್ಟಿಗೆ ಇರುವ ಕಡೆ ಫಾಲ್ಸ್ ಸೀಲಿಂಗ್‌ಗೆ ಒಂದು ಬಾಗಿಲು ಬಿಡಿಸಿ. ಕೆಳಗೆ ಕಣ್ಣಿಗೆ ಬೀಳುವ ಕಡೆ ಸೂಚನಾ ದೀಪ ಹಾಕಿಸಿ.

ಹೋಮದ ಹೊಗೆ

ಛತ್ರದವರ ಮೊದಲ ಪ್ರಶ್ನೆಯೇ ಇದು: ಧಾರೆಯ ದಿನ ಹೋಮ ಇರುತ್ತದೆ, ತುಪ್ಪ ಸಮಿತ್ತಿನ ಹೊಗೆ ಎದ್ದರೆ ಮಂತ್ರದ ನಡುವೆ ಸೈರನ್ ಕೂಗುವುದಿಲ್ಲವೇ? ಕೂಗುತ್ತದೆ, ಎಸಿಯೂ ನಿಲ್ಲುತ್ತದೆ. ಬೀಗರ ಮುಖ ನೋಡಲಾಗದೆ ಮ್ಯಾನೇಜರ್ ವೈರ್ ಕಿತ್ತು ಹಾಕುತ್ತಾರೆ. ಕಿತ್ತ ವೈರ್ ಮತ್ತೆ ಸೇರುವುದಿಲ್ಲ. ಇದಕ್ಕೆ ಪರಿಹಾರ ನಕ್ಷೆ ಹಾಕುವಾಗಲೇ ಇದೆ. ವಾಪಸು ಗಾಳಿ ಎಳೆಯುವ ಜಾಲರಿಯನ್ನು ವೇದಿಕೆಯಿಂದ ದೂರ ಇಡಿಸಿ, ಹೋಮಕುಂಡ ಇಡುವ ಕಡೆ ಹೊಗೆಯನ್ನು ನೇರ ಹೊರಗೆ ಹಾಕುವ ಬೇರೆಯೇ ಎಕ್ಸಾಸ್ಟ್ ಕೊಡಿ. ಕಟ್ಟಡ ಆಗಲೇ ನಿಂತಿದ್ದರೆ ಹೋಮ ಮುಗಿಯುವ ತನಕ ಎಎಚ್‌ಯು ನಿಲ್ಲಿಸಿ ಕಿಟಕಿ ತೆರೆದಿಡುವುದು ಸುಲಭದ ದಾರಿ. ಪ್ಯಾನೆಲ್‌ನಲ್ಲಿ ಆ ಒಂದು ಡಿಟೆಕ್ಟರನ್ನಷ್ಟೇ ತಾತ್ಕಾಲಿಕವಾಗಿ ಬಿಡಿಸುವುದೂ ಉಂಟು. ಆಗ ಹಾಲ್‌ನಲ್ಲಿ ಒಬ್ಬರು ಕಾವಲಿರಬೇಕು, ಬಿಡಿಸಿದ ಮತ್ತು ಮತ್ತೆ ಸೇರಿಸಿದ ಹೊತ್ತು ಪುಸ್ತಕದಲ್ಲಿ ಬರೆದಿರಬೇಕು.

ಪರೀಕ್ಷೆ

ಕಡೂರು, ಅಜ್ಜಂಪುರದ ಕಡೆ ಬಯಲುಸೀಮೆಯ ಧೂಳು, ತರೀಕೆರೆ ಕಡೆ ಮಳೆಗಾಲದ ತೇವ. ಎರಡೂ ಸುಳ್ಳು ಅಲಾರ್ಮ್‌ಗೆ ಕಾರಣ, ಧೂಳು ಕೊಳವೆಯ ತೂತನ್ನೂ ಮುಚ್ಚುತ್ತದೆ. ಆರು ತಿಂಗಳಿಗೊಮ್ಮೆ ಬಿಚ್ಚಿ ಸ್ವಚ್ಛ ಮಾಡಿಸಿ, ವರ್ಷಕ್ಕೊಮ್ಮೆಯಾದರೂ ಪೂರ್ತಿ ಪರೀಕ್ಷೆ ಮಾಡಿಸಿ. ಪೆಟ್ಟಿಗೆಗೆ ಮ್ಯಾಗ್ನೆಟ್ ತೋರಿಸಿ ಅಲಾರ್ಮ್ ಕೂಗಿಸಿದರೆ ಎಲೆಕ್ಟ್ರಾನಿಕ್ಸ್ ಸರಿಯಿದೆ ಎಂದಷ್ಟೇ ಅರ್ಥ, ಗಾಳಿಯ ದಾರಿ ಕಟ್ಟಿದೆಯೋ ಬಿಟ್ಟಿದೆಯೋ ಅದರಿಂದ ತಿಳಿಯುವುದಿಲ್ಲ. ಪರೀಕ್ಷೆಗೆಂದೇ ಸಿಗುವ ಹೊಗೆ ಸ್ಪ್ರೇ ಬಿಟ್ಟು, ಅಲಾರ್ಮ್ ಕೂಗಿತೇ, ಫ್ಯಾನ್ ನಿಂತಿತೇ, ಡ್ಯಾಂಪರ್ ಮುಚ್ಚಿತೇ ಎಂದು ಮಾಲೀಕರೇ ನಿಂತು ನೋಡಬೇಕು. ಸರ್ವಿಸ್‌ನವರು ಶಿವಮೊಗ್ಗದಿಂದಲೋ ಬೆಂಗಳೂರಿನಿಂದಲೋ ಬರಬೇಕಾದರೆ ವರ್ಷಕ್ಕೆ ಎಷ್ಟು ಸಲ ಬರುತ್ತಾರೆ ಎಂಬುದನ್ನು ಕೊಳ್ಳುವಾಗಲೇ ಕೇಳಿ.

ಅಲಾರ್ಮ್ ಕೂಗಿದಾಗ ಮೊದಲು ಜನರನ್ನು ಹೊರಗೆ ಕಳಿಸಿ, 112 ಅಥವಾ 101ಕ್ಕೆ ಕರೆ ಮಾಡಿ. ಇನ್ನು ಪರೀಕ್ಷೆಗೆ ಹೊತ್ತು ಯಾವುದು ಎಂದರೆ, ಆಷಾಢದಲ್ಲಿ ಮದುವೆಗಳಿಲ್ಲದೆ ಛತ್ರಗಳು ಖಾಲಿ ಇರುತ್ತವೆ. ವರ್ಷದ ಪರೀಕ್ಷೆಯನ್ನು ಆ ತಿಂಗಳಲ್ಲೇ ಮುಗಿಸಿಕೊಂಡು, ಶ್ರಾವಣದ ಮೊದಲ ಬುಕಿಂಗ್ ಆಮೇಲೆ ತೆಗೆದುಕೊಳ್ಳಿ.