ಆಫ್ರಿಕದ ಭೂಮಾರ್ಗ ಪ್ರವಾಸ: ಆಯವ್ಯಯ ಮತ್ತು ನಗದು ನಿರ್ವಹಣೆ

ಲಾಭದಲ್ಲಿದ್ದೂ ನಗದಿನ ಅಭಾವದಿಂದ ಕಷ್ಟಕ್ಕೆ ಸಿಲುಕುವ ಸಂಸ್ಥೆಗಳು ನಮ್ಮ ಸದಸ್ಯರಿಗೆ ಅಪರಿಚಿತವಲ್ಲ. ಗೋದಾಮಿನಲ್ಲಿ ಸರಕಿದೆ, ಗಿರಾಕಿಗಳಿಂದ ಬರಬೇಕಾದ ಬಾಕಿಯೂ ಇದೆ. ಆದರೆ ಶನಿವಾರದ ಕೂಲಿ ಬಟವಾಡೆಗೆ ಕೈಯಲ್ಲಿ ಹಣವಿಲ್ಲ. ದೀರ್ಘ ವಿದೇಶ ಪ್ರವಾಸದಲ್ಲಿಯೂ ಇದೇ ಪರಿಸ್ಥಿತಿ ಒದಗಬಹುದು. ಬ್ಯಾಂಕಿನಲ್ಲಿ ಲಕ್ಷಗಟ್ಟಲೆ ಠೇವಣಿ ಇರುವವನು ಗಡಿಯ ಠಾಣೆಯೊಂದರಲ್ಲಿ ಐವತ್ತು ಡಾಲರಿನ ಶುಲ್ಕ ಕಟ್ಟಲಾಗದೆ ನಿಲ್ಲಬೇಕಾದೀತು. ಆದುದರಿಂದ ಪ್ರವಾಸಕ್ಕೆ ಒಟ್ಟು ಎಷ್ಟು ಹಣ ಬೇಕು ಎಂಬ ಪ್ರಶ್ನೆಯ ಜೊತೆಗೆ, ಯಾವ ದಿನ, ಯಾವ ಸ್ಥಳದಲ್ಲಿ, ಯಾವ ರೂಪದ ಹಣ ಬೇಕು ಎಂಬುದನ್ನೂ ಮುಂಚಿತವಾಗಿ ನಿರ್ಧರಿಸಬೇಕು. ಇದನ್ನು ಆಫ್ರಿಕದ ಭೂಮಾರ್ಗ ಪ್ರವಾಸದ ಉದಾಹರಣೆಯ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

ಪ್ರವಾಸದ ಸ್ವರೂಪ

ಪ್ರವಾಸಕ್ಕೆಂದೇ ಮಾರ್ಪಡಿಸಿದ ದೊಡ್ಡ ಲಾರಿಯಲ್ಲಿ ಇಪ್ಪತ್ತರಷ್ಟು ಮಂದಿ, ಚಾಲಕ ಮತ್ತು ತಂಡದ ನಾಯಕನೊಡನೆ ಹಲವು ದೇಶಗಳನ್ನು ದಾಟಿ ಸಾಗುವ ಕ್ರಮ ಆಫ್ರಿಕದಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ರಾತ್ರಿ ಡೇರೆಗಳಲ್ಲಿ ವಾಸ; ಸಂತೆಯಲ್ಲಿ ಕೊಂಡ ದಿನಸಿಯಿಂದ ಸರದಿಯಂತೆ ಅಡುಗೆ. ಹೆಚ್ಚು ಪ್ರಚಲಿತವಾದ ಮಾರ್ಗ ಕೀನ್ಯಾದ ನೈರೋಬಿಯಿಂದ ದಕ್ಷಿಣ ಆಫ್ರಿಕದ ಕೇಪ್‌ಟೌನ್‌ವರೆಗಿನದು. ಟಾಂಜಾನಿಯ, ಮಲಾವಿ, ಜಾಂಬಿಯ, ಜಿಂಬಾಬ್ವೆ, ಬೋಟ್ಸ್‌ವಾನ, ನಮೀಬಿಯ ದೇಶಗಳು ನಡುವೆ ಬರುತ್ತವೆ. ಸಾಮಾನ್ಯವಾಗಿ ಆರರಿಂದ ಎಂಟು ವಾರಗಳ ಪಯಣ.

ಮೂರು ಬಗೆಯ ಖರ್ಚು

ಇಂತಹ ಪ್ರವಾಸದ ವೆಚ್ಚವನ್ನು ಮೂರು ಶೀರ್ಷಿಕೆಗಳ ಅಡಿಯಲ್ಲಿ ಪ್ರತ್ಯೇಕವಾಗಿ ಬರೆಯುವುದು ಸೂಕ್ತ.

ಮೊದಲನೆಯದು, ಊರಿನಿಂದಲೇ ಪಾವತಿಸುವ ಮೊತ್ತ: ಪ್ರವಾಸ ಶುಲ್ಕ, ವಿಮಾನ ಟಿಕೆಟ್, ವಿಮೆ, ಹಳದಿ ಜ್ವರದ ಲಸಿಕೆ ಮತ್ತು ಮುಂಗಡವಾಗಿ ಪಡೆಯಬಹುದಾದ ವೀಸಾಗಳು. ಇವುಗಳಿಗೆ ರಸೀದಿ ಇರುತ್ತದೆ, ಅಂದಾಜು ತಪ್ಪುವುದು ಕಡಿಮೆ.

ಎರಡನೆಯದು, ತಂಡ ಸೇರುವ ದಿನ ನಾಯಕನಿಗೆ ನಗದಾಗಿ ಒಪ್ಪಿಸುವ ಮೊತ್ತ. ಇದನ್ನು ಕೆಲವು ಸಂಸ್ಥೆಗಳು ಕಿಟ್ಟಿ ಎಂದೂ ಕೆಲವು ಸ್ಥಳೀಯ ಪಾವತಿ ಎಂದೂ ಕರೆಯುತ್ತವೆ. ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಕಾಣುವ ದರದಲ್ಲಿ ಇದು ಸೇರದೆ ಇರುವುದುಂಟು. ಎರಡು ಸಂಸ್ಥೆಗಳ ದರಗಳನ್ನು ಹೋಲಿಸುವಾಗ ಈ ಮೊತ್ತವನ್ನು ಕೂಡಿಸಿಯೇ ಹೋಲಿಸಬೇಕು.

ಮೂರನೆಯದು ಸ್ವಂತ ಖರ್ಚು: ಗಡಿಯಲ್ಲಿ ಕಟ್ಟುವ ವೀಸಾ ಶುಲ್ಕ, ಹೊರಗಿನ ಊಟ, ಪಾನೀಯ, ಭಕ್ಷೀಸು, ಐಚ್ಛಿಕ ಕಾರ್ಯಕ್ರಮಗಳು. ಕೊನೆಯ ಬಾಬನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನೈರೋಬಿಯಿಂದ ಮೊದಲು ಯುಗಾಂಡ, ರುವಾಂಡಗಳಿಗೆ ಹೋಗಿಬರುವ ತಂಡಗಳಿವೆ. ಅಲ್ಲಿ ಕಾಡಿನ ಗೊರಿಲ್ಲಾಗಳನ್ನು ನೋಡಲು ವಿದೇಶೀಯರು ಪಡೆಯಬೇಕಾದ ಪರವಾನಗಿಯ ಶುಲ್ಕವನ್ನು ರುವಾಂಡ 2017ರಲ್ಲಿ 1,500 ಡಾಲರಿಗೆ, ಯುಗಾಂಡ 2024ರಲ್ಲಿ 800 ಡಾಲರಿಗೆ ಏರಿಸಿದವು. ಹಾಗೆಯೇ ಜಾಂಜಿಬಾರ್ ದ್ವೀಪವು 2024ರ ಅಕ್ಟೋಬರ್ 1ರಿಂದ ವಿದೇಶಿ ಪ್ರವಾಸಿಗರಿಗೆ 44 ಡಾಲರಿನ ಸ್ಥಳೀಯ ವಿಮೆಯನ್ನು ಕಡ್ಡಾಯಗೊಳಿಸಿತು. ಹಳೆಯ ಪ್ರವಾಸಿಯೊಬ್ಬರ ಲೆಕ್ಕದ ಚೀಟಿಯನ್ನು ನಂಬಿ ಹೊರಟರೆ ಇಂತಹ ಬಾಬುಗಳು ತಪ್ಪಿಹೋಗುತ್ತವೆ.

ಸಾಮೂಹಿಕ ನಿಧಿಯ ಲೆಕ್ಕ

ಕಿಟ್ಟಿಗೂ ಸ್ಥಳೀಯ ಪಾವತಿಗೂ ವ್ಯತ್ಯಾಸವಿದೆ. ಸ್ಥಳೀಯ ಪಾವತಿಯು ಶುಲ್ಕದ ಒಂದು ಭಾಗವಷ್ಟೇ. ಅದರ ಖರ್ಚಿನ ಲೆಕ್ಕ ಕೇಳುವ ಹಕ್ಕು ಸಾಮಾನ್ಯವಾಗಿ ಇರುವುದಿಲ್ಲ. ಕಿಟ್ಟಿಯು ಸದಸ್ಯರೆಲ್ಲರ ಸಾಮೂಹಿಕ ನಿಧಿ. ಊಟ, ಡೇರೆ ತಾಣದ ಬಾಡಿಗೆ, ಉದ್ಯಾನವನಗಳ ಪ್ರವೇಶ ಶುಲ್ಕ ಇತ್ಯಾದಿಗಳು ಅದರಿಂದ ಸಲ್ಲುತ್ತವೆ. ಲೆಕ್ಕವನ್ನು ಸದಸ್ಯರು ನೋಡಬಹುದು. ಉಳಿದ ಹಣ ಹಂಚಿಕೆಯಾಗುತ್ತದೆ, ಕೊರತೆ ಬಿದ್ದರೆ ಎಲ್ಲರೂ ಭರಿಸಬೇಕಾಗುತ್ತದೆ. ತಾವು ಕಟ್ಟುವುದು ಯಾವ ಬಗೆಯದೆಂದು ಕರಾರು ಪತ್ರದಲ್ಲಿ ಓದಿಕೊಳ್ಳಬೇಕು.

ಕೇವಲ ಉದಾಹರಣೆಗಾಗಿ, 20 ಮಂದಿ ತಲಾ 600 ಡಾಲರ್ ಕೊಟ್ಟರೆಂದು ಭಾವಿಸೋಣ. ನಿಧಿ 12,000 ಡಾಲರ್. 40 ದಿನಗಳಿಗೆ ದಿನವೊಂದಕ್ಕೆ 300. ಇಪ್ಪತ್ತೈದನೆಯ ದಿನದ ಅಂತ್ಯಕ್ಕೆ 7,500 ಖರ್ಚಾಗಿರಬೇಕಾದಲ್ಲಿ 8,000 ಆಗಿದೆ. ಕೊರತೆ 500. ಮುಂದಿನ 15 ದಿನಗಳಿಗೆ ಉಳಿದಿರುವುದು 4,000, ಅಂದರೆ ದಿನಕ್ಕೆ ಸುಮಾರು 267. ಈ ಅಂಕಿ ಆ ದಿನವೇ ಗೊತ್ತಾದರೆ ಎರಡು ದಾರಿಗಳಿವೆ: ಖರ್ಚನ್ನು ದಿನಕ್ಕೆ 33 ಡಾಲರಿನಷ್ಟು ತಗ್ಗಿಸುವುದು, ಇಲ್ಲವೇ ತಲಾ 25 ಡಾಲರ್ ಸೇರಿಸುವುದು. ಮೂವತ್ತೆಂಟನೆಯ ದಿನ ಗೊತ್ತಾದರೆ ಆಯ್ಕೆಗೆ ಅವಕಾಶವಿಲ್ಲ. ಆ ವೇಳೆಗೆ ಕೈ ಬರಿದಾದ ಒಬ್ಬನ ಪಾಲನ್ನು ಉಳಿದವರು ಹೊರಬೇಕಾಗುತ್ತದೆ. ಮನಸ್ತಾಪ ಹುಟ್ಟುವುದು ಇಂತಹ ಸಂದರ್ಭದಲ್ಲಿಯೇ. ಆದುದರಿಂದ ವಾರಕ್ಕೊಮ್ಮೆ ಲೆಕ್ಕವನ್ನು ಓದಿ ಹೇಳುವ ಪದ್ಧತಿಯನ್ನು ಮೊದಲ ದಿನವೇ ಗೊತ್ತುಪಡಿಸಿಕೊಳ್ಳಬೇಕು. ಇದರಲ್ಲಿ ನಾಯಕನ ಮೇಲೆ ಸಂಶಯವೇನೂ ಇಲ್ಲ; ಲೆಕ್ಕ ತೋರಿಸುವುದು ಅವನಿಗೂ ರಕ್ಷಣೆ.

ಎಂಟು ದೇಶ, ಎಂಟು ಚಲಾವಣೆ

ಈ ಮಾರ್ಗದ ಪ್ರತಿ ಗಡಿಯಲ್ಲಿಯೂ ಹಣ ಬದಲಾಗುತ್ತದೆ. ಕೀನ್ಯಾ, ಟಾಂಜಾನಿಯ ಎರಡರಲ್ಲಿಯೂ ಷಿಲಿಂಗ್ ಎಂದೇ ಹೆಸರು. ಬೆಲೆಯಲ್ಲಿ ಮಾತ್ರ ಇಪ್ಪತ್ತು ಪಟ್ಟಿನ ಆಸುಪಾಸು ಅಂತರ. ಮಲಾವಿ ಮತ್ತು ಜಾಂಬಿಯಗಳ ಕ್ವಾಚಗಳೂ ಹಾಗೆಯೇ, ಹೆಸರು ಒಂದು, ಬೆಲೆ ಬೇರೆ. ನಮೀಬಿಯದ ಡಾಲರ್ ದಕ್ಷಿಣ ಆಫ್ರಿಕದ ರ‍್ಯಾಂಡಿಗೆ ಸರಿಸಮವಾದರೂ, ರ‍್ಯಾಂಡ್ ನಮೀಬಿಯದಲ್ಲಿ ಚಲಾವಣೆಯಾಗುತ್ತದೆ, ನಮೀಬಿಯದ ಡಾಲರ್ ದಕ್ಷಿಣ ಆಫ್ರಿಕದಲ್ಲಿ ಆಗದು. ಕೊನೆಯ ಗಡಿಯನ್ನು ದಾಟುವ ಮುನ್ನ ಅದನ್ನು ಮುಗಿಸಬೇಕು.

ಸ್ಥಳೀಯ ಹಣವನ್ನು ಎಷ್ಟು ಪರಿವರ್ತಿಸಬೇಕು? ಎರಡು ಮೂರು ದಿನಗಳಿಗೆ ಬೇಕಾದಷ್ಟು ಮಾತ್ರ. 2023ರ ನವೆಂಬರಿನಲ್ಲಿ ಮಲಾವಿಯ ರಿಸರ್ವ್ ಬ್ಯಾಂಕು ಕ್ವಾಚದ ಅಪಮೌಲ್ಯ ಮಾಡಿದಾಗ ಡಾಲರೊಂದರ ದರ ಸುಮಾರು 1,180ರಿಂದ 1,700ಕ್ಕೆ ಏರಿತು. ಅದರ ಹಿಂದಿನ ದಿನ 200 ಡಾಲರ್ ಪರಿವರ್ತಿಸಿದವನಿಗೆ ದೊರೆತಿರಬಹುದಾದದ್ದು 2,36,000 ಕ್ವಾಚ, ಮರುದಿನವಾಗಿದ್ದರೆ 3,40,000. ಸರಕಿನ ದಾಸ್ತಾನಿನಂತೆ ದುರ್ಬಲ ನಾಣ್ಯದ ದಾಸ್ತಾನೂ ನಷ್ಟಕ್ಕೆ ಗುರಿಯಾಗುತ್ತದೆ.

ಗಡಿಯಲ್ಲಿ ಮುತ್ತಿಕೊಳ್ಳುವ ಹಣ ಬದಲಿಸುವವರಿಂದ ಹಳೆಯ ನೋಟುಗಳನ್ನು ಪಡೆದು ಮೋಸಹೋಗುವ ಅಪಾಯವೂ ಉಂಟು. ಕೀನ್ಯಾದ ಹಳೆಯ 1,000 ಷಿಲಿಂಗ್ ನೋಟು 2019ರ ಅಕ್ಟೋಬರ್ 1ರಿಂದ ಬೆಲೆ ಕಳೆದುಕೊಂಡಿದೆ. 2016ರ ನೋಟು ರದ್ದತಿಯನ್ನು ಕಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಬ್ಯಾಂಕಿನಲ್ಲಿ ಅಥವಾ ಪರವಾನಗಿ ಪಡೆದ ವಿನಿಮಯ ಕೇಂದ್ರದಲ್ಲಿ ವ್ಯವಹರಿಸಿ ರಸೀದಿ ಪಡೆಯುವುದು ಕ್ಷೇಮ.

ಡಾಲರ್ ನೋಟು ಮತ್ತು ಕಾರ್ಡು

ಪೂರ್ವ ಆಫ್ರಿಕದಲ್ಲಿ 2006ಕ್ಕೆ ಹಿಂದಿನ ಮುದ್ರಣದ ಡಾಲರ್ ನೋಟುಗಳನ್ನು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಹರಿದ, ಬರಹವಿರುವ ನೋಟುಗಳದೂ ಅದೇ ಗತಿ. ಊರಿನಲ್ಲಿ ಕೊಳ್ಳುವಾಗಲೇ ಪ್ರತಿ ನೋಟಿನ ಮೇಲಿನ ವರ್ಷವನ್ನು ನೋಡಿ ಪಡೆಯಬೇಕು. ವಿನಿಮಯಕ್ಕೆ ನೂರರ ನೋಟಿಗೆ ಉತ್ತಮ ದರ ದೊರೆಯುತ್ತದೆ. ವೀಸಾ, ಭಕ್ಷೀಸುಗಳಿಗೆ ಚಿಲ್ಲರೆ ನೋಟು ಬೇಕು. ಜಿಂಬಾಬ್ವೆಯಲ್ಲಂತೂ ಚಿಲ್ಲರೆ ಡಾಲರಿಗೆ ವಿಶೇಷ ಬೆಲೆ. 2009ರಲ್ಲಿ ನೂರು ಲಕ್ಷ ಕೋಟಿ ಡಾಲರಿನ ನೋಟನ್ನು ಅಚ್ಚು ಹಾಕಿದ ಆ ದೇಶ ಅದೇ ವರ್ಷ ತನ್ನ ನಾಣ್ಯವನ್ನೇ ಕೈಬಿಟ್ಟಿತು. 2024ರ ಏಪ್ರಿಲಿನಲ್ಲಿ ಜಿಗ್ ಎಂಬ ಹೊಸ ನಾಣ್ಯ ಬಂದಿದ್ದರೂ ಅಮೆರಿಕದ ಡಾಲರ್ ಬಳಕೆಯಲ್ಲಿ ಉಳಿದಿದೆ. ಅಲ್ಲಿ ಚಿಲ್ಲರೆಯಾಗಿ ದೊರೆಯುವ ಸವೆದ ನೋಟುಗಳನ್ನು ಅಲ್ಲಿಯೇ ಖರ್ಚು ಮಾಡುವುದು ಲೇಸು.

ಆದರೆ ಡಾಲರೊಂದನ್ನೇ ನಂಬುವಂತೆಯೂ ಇಲ್ಲ. ಟಾಂಜಾನಿಯ 2025ರ ಮಾರ್ಚಿನಲ್ಲಿ ಹೊರಡಿಸಿದ ನಿಯಮಗಳು ದೇಶದೊಳಗಿನ ಸರಕು ಸೇವೆಗಳಿಗೆ ವಿದೇಶಿ ಹಣದಲ್ಲಿ ಬೆಲೆ ಹೇಳುವುದನ್ನೂ ಪಡೆಯುವುದನ್ನೂ, ಕೆಲವು ವಿನಾಯಿತಿಗಳ ಹೊರತು, ನಿಷೇಧಿಸಿವೆ. ಕಾರ್ಡುಗಳು ಎರಡಿರಲಿ, ಬೇರೆ ಬೇರೆ ಬ್ಯಾಂಕಿನವು ಮತ್ತು ಬೇರೆ ಬೇರೆ ಜಾಲದವು. ಎರಡನ್ನೂ ಒಂದೇ ಚೀಲದಲ್ಲಿ ಇಡಬಾರದು. ಯಂತ್ರವು ರೂಪಾಯಿಯಲ್ಲಿ ಪಾವತಿಸುವಿರಾ ಎಂದು ಕೇಳಿದರೆ ನಿರಾಕರಿಸಿ ಸ್ಥಳೀಯ ನಾಣ್ಯವನ್ನೇ ಆರಿಸಬೇಕು. ಇಲ್ಲವಾದರೆ ಯಂತ್ರದವರು ನಿಗದಿಪಡಿಸಿದ ದುಬಾರಿ ದರ ತಗಲುತ್ತದೆ.

ನಮ್ಮ ಕಾನೂನಿನ ಮಿತಿಗಳು

1. ರಿಸರ್ವ್ ಬ್ಯಾಂಕಿನ ನಿಯಮದಂತೆ ಈ ದೇಶಗಳಿಗೆ ಹೋಗುವಾಗ ಪ್ರತಿ ಭೇಟಿಗೆ ಗರಿಷ್ಠ 3,000 ಡಾಲರಿನಷ್ಟು ವಿದೇಶಿ ನೋಟುಗಳನ್ನು ಪಡೆಯಬಹುದು. ಉಳಿದದ್ದು ಕಾರ್ಡು ಮುಂತಾದ ರೂಪದಲ್ಲಿರಬೇಕು. ಕಿಟ್ಟಿಯ ನಗದು ಈ ಮಿತಿಯೊಳಗೇ ಬರುತ್ತದೆ. ಕಿಟ್ಟಿಗೆ 1,500 ಹೋದರೆ ಸ್ವಂತ ಖರ್ಚಿಗೆ ನೋಟಿನಲ್ಲಿ ಉಳಿಯುವುದು 1,500 ಮಾತ್ರ.

2. ರೂಪಾಯಿ 50,000ಕ್ಕೆ ಮಿಕ್ಕಿದ ವಿದೇಶಿ ವಿನಿಮಯ ಖರೀದಿಗೆ ನಗದು ಸಲ್ಲದು. ಬ್ಯಾಂಕಿನ ಮೂಲಕವೇ ಪಾವತಿಸಬೇಕು.

3. ಹಿಂತಿರುಗಿದ ಮೇಲೆ 2,000 ಡಾಲರಿನವರೆಗೆ ಇರಿಸಿಕೊಳ್ಳಬಹುದು. ಹೆಚ್ಚಿನದನ್ನು 180 ದಿನಗಳೊಳಗೆ ಒಪ್ಪಿಸಬೇಕು.

4. ವಿದೇಶ ಪ್ರವಾಸದ ಪ್ಯಾಕೇಜುಗಳ ಮೇಲೆ 2020ರ ಅಕ್ಟೋಬರ್ 1ರಿಂದ ಮೂಲದಲ್ಲಿ ತೆರಿಗೆ ಸಂಗ್ರಹದ ನಿಯಮ ಜಾರಿಗೆ ಬಂದಿತು. ಇದರ ದರಗಳು ಆಗಿಂದಾಗ್ಗೆ ಬದಲಾಗಿರುವುದರಿಂದ ಪಾವತಿಯ ದಿನದ ದರವನ್ನು ವಿಚಾರಿಸಿಕೊಳ್ಳಬೇಕು. ಈ ಮೊತ್ತವನ್ನು ತೆರಿಗೆ ವಿವರಣಾ ಪಟ್ಟಿಯಲ್ಲಿ ಜಮಾ ಪಡೆಯಬಹುದು. ಆದರೆ ಅಲ್ಲಿಯವರೆಗೆ ಆ ಹಣ ಕೈಯಲ್ಲಿರುವುದಿಲ್ಲ ಎಂಬುದನ್ನು ನಗದು ಪಟ್ಟಿಯಲ್ಲಿ ತೋರಿಸಬೇಕು.

5. ವಿಹಾರ ಪ್ರವಾಸದ ಖರ್ಚನ್ನು ಅಂಗಡಿಯ ಅಥವಾ ಕಾರ್ಖಾನೆಯ ಪುಸ್ತಕದಲ್ಲಿ ವ್ಯವಹಾರದ ವೆಚ್ಚವಾಗಿ ಬರೆಯುವಂತಿಲ್ಲ. ನೈರೋಬಿಯಲ್ಲಿ ನಿಜವಾಗಿ ವ್ಯಾಪಾರದ ಕೆಲಸವಿದ್ದಲ್ಲಿ, ಅದರ ದಿನಗಳನ್ನೂ ರಸೀದಿಗಳನ್ನೂ ಬೇರೆಯಾಗಿಯೇ ಇರಿಸಬೇಕು.

ಮೀಸಲು ನಿಧಿ

ಅಂದಾಜಿನಲ್ಲಿ ಆಪತ್ಕಾಲದ ಮೀಸಲು ಕಡ್ಡಾಯವಾಗಿ ಇರಬೇಕು. ವಿಮೆ ಇದೆಯಲ್ಲ ಎಂಬ ಸಮಾಧಾನ ಸಾಲದು. ಆಸ್ಪತ್ರೆಯು ಮೊದಲು ಠೇವಣಿ ಕೇಳಬಹುದು. ವಿಮಾ ಹಣ ಬಳಿಕ ಬಂದೀತು. ಈ ನಡುವಿನ ದಿನಗಳನ್ನು ದಾಟಿಸಲು ಒಂದು ಕಾರ್ಡಿನ ಮಿತಿಯನ್ನು ಪೂರ್ತಿಯಾಗಿ ಮುಟ್ಟದೆ ಇಡಬೇಕು. ಜೊತೆಗೆ ಮರುಪ್ರಯಾಣದ ಟಿಕೆಟ್ಟಿಗೆ ಸಾಲುವಷ್ಟು ಹಣ ಊರಿನ ಖಾತೆಯಲ್ಲಿರಲಿ, ಅದನ್ನು ಕಳುಹಿಸಬಲ್ಲ ಮನೆಯವರೊಬ್ಬರಿಗೆ ವಿವರ ತಿಳಿದಿರಲಿ.

ಹೊರಡುವ ಮುನ್ನ ಒಂದೇ ಹಾಳೆಯಲ್ಲಿ ದೇಶವಾರು ನಾಲ್ಕು ಕಲಮುಗಳನ್ನು ಎಳೆಯಿರಿ: ತಂಗುವ ದಿನಗಳು, ಡಾಲರ್ ನೋಟಿನಲ್ಲಿ ಬೇಕಾದದ್ದು, ಸ್ಥಳೀಯ ಹಣದಲ್ಲಿ ಬೇಕಾದದ್ದು, ಕಾರ್ಡಿನಿಂದ ಸಲ್ಲಿಸುವುದು. ಪ್ರತಿ ಗಡಿಯಲ್ಲಿಯೂ ಕೈಯಲ್ಲಿರುವ ಶಿಲ್ಕನ್ನು ಎಣಿಸಿ ಹಾಳೆಯೊಡನೆ ತಾಳೆ ನೋಡಿರಿ. ದಿನವೂ ಸಂಜೆ ಗಲ್ಲಾಪೆಟ್ಟಿಗೆ ಎಣಿಸಿ ರೋಜುಮೇಲು ಬರೆಯುವ ಅಭ್ಯಾಸವಿರುವ ವ್ಯಾಪಾರಿಗೆ ಇದು ಹತ್ತು ನಿಮಿಷದ ಕೆಲಸ.