ಕಮಾನಿಗಿಂತ ಮೊದಲು ಗಟಾರ

ನವಲಗುಂದ–ಅಣ್ಣಿಗೇರಿ ಸೀಮೆಯ ಶಲವಡಿಯಂಥ ಊರಿನಲ್ಲಿ ಪಂಚಾಯಿತಿ ಸದಸ್ಯರ ಮುಂದೆ ಬೇಡಿಕೆಗಳ ದಂಡೇ ನಿಂತಿರುತ್ತದೆ: ಕಮಾನು, ಸಮುದಾಯ ಭವನ, ಹೈಮಾಸ್ಟ್ ದೀಪ. ಕಣ್ಣಿಗೆ ಕಾಣುವ ಕೆಲಸಕ್ಕೆ ಚಪ್ಪಾಳೆ ಬೇಗ ಸಿಗುತ್ತದೆ, ನಿಜ.

ಆದರೆ ಅನುದಾನದ ಲೆಕ್ಕವೇ ಬೇರೆ. 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಪಂಚಾಯಿತಿಗಳಿಗೆ ಶಿಫಾರಸು ಮಾಡಿದ ಹಣದಲ್ಲಿ ಶೇ. 60ರಷ್ಟು ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಾಗಿತ್ತು. ಈ ಸೀಮೆಗೆ ಆ ಕಟ್ಟಳೆ ಸರಿಯಾಗಿಯೇ ಹೊಂದುವಂಥದ್ದು. ಇಲ್ಲಿ ಹಲವು ಕಡೆ ಕೊಳವೆಬಾವಿ ನೀರು ಸವಳು. ಮಲಪ್ರಭಾ ಕಾಲುವೆಯಿಂದ ತುಂಬುವ ಕೆರೆಗಳೇ ಆಸರೆ. ಕಾಲುವೆಗೆ ನೀರು ಬಂದಾಗಲೇ ಕೆರೆ ತುಂಬಿಸಿಕೊಳ್ಳಬೇಕು. ಹಾಗಾಗಿ ಹೂಳು, ಏರಿ, ತಂತಿಬೇಲಿಯ ಕೆಲಸವನ್ನು ಅದಕ್ಕೂ ಮುಂಚೆ ಮುಗಿಸುವ ಸದಸ್ಯರೇ ಜಾಣರು.

ಗಟಾರದ ಮಾತು ಇನ್ನೂ ಸೂಕ್ಷ್ಮ. ಇಲ್ಲಿನ ಯರಿ (ಕಪ್ಪು) ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಗಟ್ಟಿ ತಳಪಾಯವಿಲ್ಲದ ಕಾಂಕ್ರೀಟು ಬೇಗ ಬಿರುಕು ಬಿಡುತ್ತದೆ. ಕಾಂಕ್ರೀಟು ಸುರಿಯುವ ಮುನ್ನ ಅಗೆದ ಗುಂಡಿಯನ್ನು ಊರವರೂ ಇಣುಕಿ ನೋಡಲಿ.

ಹೊಲದ ದಾರಿಯನ್ನೂ ಮರೆಯಬಾರದು. ಮಳೆಗಾಲದಲ್ಲಿ ಕೆಸರಿಗೆ ಚಕ್ಕಡಿ ಹೂತರೆ ಫಸಲು ಮನೆಗೆ ಬರುವುದೇ ಕಷ್ಟ.

ಇದನ್ನೆಲ್ಲ ಕಟ್ಟೆಯ ಮೇಲೆ ಆಡಿದರೆ ಸಾಲದು. ಮೊದಲು ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ. ಬೇಡಿಕೆ ಠರಾವು ಪುಸ್ತಕದಲ್ಲಿ ದಾಖಲಾಯಿತೇ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರನ್ನು ಅಲ್ಲಿಯೇ ಕೇಳಿ.